ಗೆರೆ ಎಳೆದ ಮೇಲೆ ಕಾಯಬೇಕು

2023ರ ಜುಲೈ 2, ಭಾನುವಾರ. ಆಸ್ಟ್ರಿಯಾದ ಸ್ಪೀಲ್‌ಬರ್ಗ್‌ನಲ್ಲಿರುವ ರೆಡ್ ಬುಲ್ ರಿಂಗ್ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ರೇಸ್ ಮುಗಿಯಿತು. ಮ್ಯಾಕ್ಸ್ ವರ್ಸ್ಟಾಪನ್ ಗೆದ್ದರು, ಪೋಡಿಯಂ ಮೇಲಿನ ಸಂಭ್ರಮವೂ ಆಯಿತು, ಪ್ರೇಕ್ಷಕರು ಮನೆದಾರಿ ಹಿಡಿದರು. ಇಲ್ಲಿ ಟಿ.ವಿ. ಮುಂದೆ ಕೂತಿದ್ದ ನಮ್ಮಂಥವರು ಊಟ ಮುಗಿಸಿ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿಯೇ ಬದಲಾಗಿತ್ತು. ನಾಲ್ಕನೆಯ ಸ್ಥಾನದಲ್ಲಿದ್ದ ಕಾರ್ಲೋಸ್ ಸೈನ್ಜ್ ಆರಕ್ಕೆ ಇಳಿದಿದ್ದರು. ಏಳನೆಯವರಾಗಿದ್ದ ಲೂಯಿಸ್ ಹ್ಯಾಮಿಲ್ಟನ್ ಎಂಟಕ್ಕೆ ಹೋಗಿದ್ದರು. ಒಟ್ಟು ಎಂಟು ಚಾಲಕರಿಗೆ ರೇಸ್ ಮುಗಿದ ಮೇಲೆ ಹೊಸದಾಗಿ ಪೆನಾಲ್ಟಿ ಬಿದ್ದಿತ್ತು. ಎಸ್ಟೆಬಾನ್ ಓಕಾನ್ ಒಬ್ಬರಿಗೇ 30 ಸೆಕೆಂಡ್.

ಈ ಪೆನಾಲ್ಟಿಗಳು ಡಿಕ್ಕಿ ಹೊಡೆದದ್ದಕ್ಕಲ್ಲ. ಯಾರ ಎಂಜಿನ್‌ನಲ್ಲೂ ಕಳ್ಳ ಭಾಗ ಸಿಕ್ಕಿರಲಿಲ್ಲ. ತಪ್ಪು ಒಂದೇ: ಟ್ರ್ಯಾಕಿನ ಅಂಚಿನ ಬಿಳಿ ಗೆರೆ ದಾಟಿದ್ದು. ಆ ಮಧ್ಯಾಹ್ನ ಕಾರು ಗೆರೆ ದಾಟಿರಬಹುದೆಂಬ ವರದಿಗಳೇ 1200ಕ್ಕೂ ಮಿಕ್ಕಿ ಬಂದಿದ್ದವು ಎಂದು ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಹೇಳಿತು. ರೇಸ್ ನಡೆಯುತ್ತಿರುವಾಗ ಅಷ್ಟನ್ನೂ ನೋಡಿ ಮುಗಿಸಲು ಆಗಲಿಲ್ಲ. ಆಸ್ಟನ್ ಮಾರ್ಟಿನ್ ತಂಡ ದೂರು ಕೊಟ್ಟ ಮೇಲೆ, ಗೆರೆ ದಾಟಿ ರದ್ದಾದ ಸುತ್ತುಗಳ ಒಂದು ಕಂತು, ತೀರ್ಪು ಕೊಡುವ ಸ್ಟೂವರ್ಡ್‌ಗಳ ಮುಂದೆ ಬಂದೇ ಇಲ್ಲ ಎಂಬುದು ಹೊರಬಿತ್ತು. ರೇಸ್ ಮುಗಿದು ಗಂಟೆಗಟ್ಟಲೆ ಕಳೆದ ಮೇಲೆ ಹೊಸ ಪಟ್ಟಿ ಬಂತು.

ವಾರವಿಡೀ ನನ್ನದು ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ರೇಸ್ ಇರುವ ವಾರಾಂತ್ಯಗಳಲ್ಲಿ ಟ್ರ್ಯಾಕಿನ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ವಾಲಂಟಿಯರ್ ಮಾರ್ಷಲ್ ನಾನು. ಗೆರೆ ದಾಟಿದ ಕಾರಿನ ನಂಬರ್ ಬರೆದುಕೊಳ್ಳುವುದು ನಮ್ಮ ಕೆಲಸಗಳಲ್ಲೊಂದು. ಆದ್ದರಿಂದ ಆಸ್ಟ್ರಿಯಾದ ಆ ರಾತ್ರಿ ನನಗೆ ಬರೀ ಸುದ್ದಿಯಾಗಿ ಉಳಿಯಲಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಂದು ಆಟ ತನ್ನ ಆಟಗಾರರನ್ನು ಸಮಾನವಾಗಿ ನೋಡುತ್ತದೋ ಇಲ್ಲವೋ ಎಂಬುದು ಇಂಥ ಸಣ್ಣ ಗೆರೆಯ ಮೇಲೆಯೇ ಗೊತ್ತಾಗುತ್ತದೆ.

ನಿಯಮ ಏನು ಹೇಳುತ್ತದೆ

ನಿಯಮ ಸರಳವಾಗಿದೆ. ಚಾಲಕ ಯಾವಾಗಲೂ ಟ್ರ್ಯಾಕಿನ ಮೇಲೇ ಓಡಿಸಬೇಕು. ಸರಿಯಾದ ಕಾರಣವಿಲ್ಲದೆ ಹೊರಗೆ ಹೋಗಬಾರದು. ಬಿಳಿ ಗೆರೆ ಟ್ರ್ಯಾಕಿಗೇ ಸೇರಿದ್ದು. ಅದರಾಚೆ ಕೆಂಪು-ಬಿಳಿ ಬಣ್ಣ ಬಳಿದ ಉಬ್ಬು ಪಟ್ಟಿ, ಅಂದರೆ ಕರ್ಬ್, ಟ್ರ್ಯಾಕಿಗೆ ಸೇರಿದ್ದಲ್ಲ. ಕಾರಿನ ಒಂದು ಟೈರ್ ಗೆರೆಯನ್ನು ತಾಗಿಕೊಂಡಿದ್ದರೂ ಕಾರು ಒಳಗಿದೆ ಎಂದೇ ಲೆಕ್ಕ. ನಾಲ್ಕೂ ಚಕ್ರ ಆಚೆ ಹೋದರೆ ಮಾತ್ರ ತಪ್ಪು.

ರೇಸಿಗೆ ಹೊರಡುವ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲಿ ಹೀಗಾದರೆ ಆ ಸುತ್ತಿನ ಸಮಯ ರದ್ದಾಗುತ್ತದೆ. ಕೊನೆಯ ತಿರುವಿನಲ್ಲಾದರೆ ಮುಂದಿನ ಸುತ್ತೂ ರದ್ದು. ಏಕೆಂದರೆ ಅಲ್ಲಿ ಗಳಿಸಿದ ವೇಗದ ಲಾಭ ಸಿಗುವುದು ಮುಂದಿನ ಸುತ್ತಿಗೆ. ರೇಸಿನಲ್ಲಿ ಮೂರನೆಯ ತಪ್ಪಿಗೆ ಕಪ್ಪು-ಬಿಳುಪು ಬಾವುಟ ತೋರಿಸಿ ಎಚ್ಚರಿಸುತ್ತಾರೆ, ನಾಲ್ಕನೆಯದಕ್ಕೆ 5 ಸೆಕೆಂಡ್ ಪೆನಾಲ್ಟಿ, ಅದರ ಮೇಲೂ ಹೋದರೆ 10.

ಚಾಲಕರು ಹೊರಗೆ ಯಾಕೆ ಹೋಗುತ್ತಾರೆ? ತಿರುವಿನಿಂದ ಹೊರಬರುವಾಗ ಅಗಲ ಜಾಸ್ತಿ ಸಿಕ್ಕಷ್ಟೂ ಸ್ಟೀರಿಂಗ್ ಕಡಿಮೆ ತಿರುಗಿಸಿದರೆ ಸಾಕು, ಆಕ್ಸಿಲರೇಟರ್ ಬೇಗ ಒತ್ತಬಹುದು. ರೆಡ್ ಬುಲ್ ರಿಂಗ್‌ನ ಕೊನೆಯ ಎರಡು ತಿರುವುಗಳು ಇಳಿಜಾರಿನಲ್ಲಿವೆ, ವೇಗದವು, ಅವು ಮುಗಿದ ಕೂಡಲೇ ನೇರ ರಸ್ತೆ. ಅಲ್ಲಿ ಗಳಿಸಿದ ವೇಗ ಆ ನೇರದುದ್ದಕ್ಕೂ ಜೊತೆಗೆ ಬರುತ್ತದೆ. ಲಾಭ ಸೆಕೆಂಡಿನ ಒಂದು ಸಣ್ಣ ಪಾಲು. ಆದರೆ ಅಲ್ಲಿ ರೇಸ್ 71 ಸುತ್ತಿನದು. ಕೂಡಿಸುತ್ತ ಹೋದರೆ ಒಂದು ಸ್ಥಾನ ಬದಲಾಗಲು ಅಷ್ಟು ಸಾಕು.

ಎಲ್ಲರೂ ಬೇಕೆಂದೇ ಹೋಗುತ್ತಾರೆ ಎಂದಲ್ಲ. ಫಾರ್ಮುಲಾ ಕಾರಿನಲ್ಲಿ ಚಾಲಕ ನೆಲಕ್ಕೆ ಅಂಟಿದಂತೆ ಕೂತಿರುತ್ತಾನೆ. ಅವನ ಕಣ್ಣಿಗೆ ಕಾಣುವುದು ಮುಂದಿನ ಟೈರುಗಳ ಮೇಲ್ಭಾಗ. ಟೈರಿನ ಬುಡದಲ್ಲಿ ಗೆರೆ ಇದೆಯೋ ಇಲ್ಲವೋ ಕಾಣಿಸದು. ಆ ಕಾಲದ ಕಾರಿನ ಅಗಲ ಎರಡು ಮೀಟರ್. ಕರ್ಬ್ ಮೇಲೆ ಹತ್ತಿದಾಗ ಸೀಟಿಗೆ ಬರುವ ನಡುಕದಿಂದಲೇ ತಾನೆಲ್ಲಿದ್ದೇನೆಂದು ಅಂದಾಜು ಮಾಡಬೇಕು.

ಮೊದಲು ಈ ತಂಟೆ ಇರಲಿಲ್ಲ

ಹಿಂದಿನ ಕಾಲದ ಟ್ರ್ಯಾಕುಗಳಲ್ಲಿ ಗೆರೆಯ ಆಚೆ ಹುಲ್ಲು, ಜಲ್ಲಿ, ಇಲ್ಲವೇ ಗೋಡೆ ಇರುತ್ತಿತ್ತು. ಆಚೆ ಹೋದವನಿಗೆ ಶಿಕ್ಷೆ ಅಲ್ಲೇ ಸಿಗುತ್ತಿತ್ತು. ಮೊನಾಕೊದ ಬೀದಿಗಳಲ್ಲಿ ಈಗಲೂ ಹಾಗೆಯೇ. ಉಕ್ಕಿನ ತಡೆಬೇಲಿಯ ಮುಂದೆ ಗೆರೆಯ ವಾದಕ್ಕೆ ಜಾಗವೇ ಕಡಿಮೆ. ಆದರೆ ಜಲ್ಲಿಯಲ್ಲಿ ಬ್ರೇಕ್ ಕೆಲಸ ಮಾಡುವುದಿಲ್ಲ. ಅಡ್ಡ ಜಾರಿದ ಕಾರು ಜಲ್ಲಿಗೆ ಚಕ್ರ ಕಚ್ಚಿಕೊಂಡು ಪಲ್ಟಿ ಹೊಡೆಯಬಹುದು. ಸಣ್ಣ ತಪ್ಪಿಗೂ ಕಾರು ಹೂತುಹೋಗಿ ಚಾಲಕನ ರೇಸೇ ಮುಗಿಯುತ್ತದೆ. ಹಾಗಾಗಿ ಕಳೆದ ಎರಡು-ಮೂರು ದಶಕಗಳಲ್ಲಿ ಕಟ್ಟಿದ ಟ್ರ್ಯಾಕುಗಳಲ್ಲಿ ಗೆರೆಯಾಚೆಗೂ ವಿಶಾಲವಾಗಿ ಡಾಂಬರು ಹಾಕಿದರು. ಜೀವ ಉಳಿಸುವ ಕೆಲಸ ಅದು, ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಅಂದಿನಿಂದ ಗೆರೆ ಬರೀ ಬಣ್ಣವಾಯಿತು. ಆಚೆ ಹೋದರೆ ನಷ್ಟವಿಲ್ಲ, ಬದಲಿಗೆ ಲಾಭ. ನೆಲ ಮಾಡುತ್ತಿದ್ದ ಕಾವಲು ಮನುಷ್ಯರ ತಲೆಗೆ ಬಂತು.

ತಿರುವಿನಲ್ಲಿ ನಿಂತು ನೋಡಿದರೆ

ಈ ಕಾವಲು ಎಷ್ಟು ಕಷ್ಟ ಎಂಬುದು ತಿರುವಿನಲ್ಲಿ ನಿಂತವರಿಗೆ ಗೊತ್ತು. ಗಂಟೆಗೆ 200 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 55 ಮೀಟರ್ ದಾಟುತ್ತದೆ. ಕರ್ಬ್ ಮೇಲೆ ಅದು ಇರುವುದು ಅರೆ ಸೆಕೆಂಡೋ ಏನೋ. ಆದರೆ ವೇಗಕ್ಕಿಂತ ದೊಡ್ಡ ತೊಡಕು ನಾವು ನಿಲ್ಲುವ ಜಾಗ.

ತಿರುವಿನ ಹೊರಗಡೆಯ ಪೋಸ್ಟಿನಲ್ಲಿ ನೀವು ನಿಂತಿದ್ದೀರಿ ಎಂದುಕೊಳ್ಳಿ. ಕಾರು ಅಗಲವಾಗಿ ನಿಮ್ಮ ಕಡೆಗೇ ಜಾರಿ ಬರುತ್ತದೆ. ನಿಮ್ಮ ಕಡೆಯ ಎರಡು ಚಕ್ರ ಗೆರೆ ದಾಟಿದ್ದು ಚೆನ್ನಾಗಿ ಕಾಣುತ್ತದೆ. ಆದರೆ ತೀರ್ಮಾನ ಮಾಡಬೇಕಾದದ್ದು ಆ ಚಕ್ರಗಳಿಂದಲ್ಲ, ಟ್ರ್ಯಾಕಿನ ಕಡೆಗಿರುವ ಇನ್ನೆರಡರಿಂದ. ಅವು ಗೆರೆಯನ್ನು ಮುಟ್ಟಿಕೊಂಡಿವೆಯೋ ಬಿಟ್ಟಿವೆಯೋ? ಆ ಚಕ್ರಗಳನ್ನು ಕಾರಿನ ಮೈಯೇ ನಿಮ್ಮಿಂದ ಮರೆಮಾಡಿದೆ. ಕಾರು ಸ್ವಲ್ಪ ಅಡ್ಡವಾಗಿ ಜಾರುತ್ತಿದ್ದರೆ ಹಿಂದಿನ ಚಕ್ರ ಹೊರಗಿದ್ದು ಮುಂದಿನದು ಗೆರೆಯ ಮೇಲೇ ಉಳಿದಿರಬಹುದು. ಇದನ್ನು ಸರಿಯಾಗಿ ನೋಡಬೇಕಾದರೆ ಗೆರೆಯ ಉದ್ದಕ್ಕೇ ಕಣ್ಣು ಹಾಯಿಸುವ ಜಾಗದಲ್ಲಿ, ತಿರುವಿನ ತುದಿಯಲ್ಲಿ ನಿಲ್ಲಬೇಕು. ಪ್ರತಿ ತಿರುವಿನಲ್ಲೂ ಅಂಥ ಸುರಕ್ಷಿತ ಜಾಗ ಇರುವುದಿಲ್ಲ. ಕ್ಯಾಮೆರಾಕ್ಕೂ ಇದೇ ಮಾತು. ಕ್ಯಾಮೆರಾ ಇದ್ದರೆ ಸಾಲದು, ಗೆರೆಯ ಸಾಲಿಗೆ ಇರಬೇಕು.

ನಾವು ಪೋಸ್ಟಿನಲ್ಲಿ ಕೆಲಸ ಹಂಚಿಕೊಳ್ಳುತ್ತೇವೆ. ಒಬ್ಬರ ಕೈಯಲ್ಲಿ ಬಾವುಟ, ಇನ್ನೊಬ್ಬರ ಕೈಯಲ್ಲಿ ವಾಕಿಟಾಕಿ ಮತ್ತು ಪುಸ್ತಕ. ತಿರುವಿನ ಸಂಖ್ಯೆ, ಕಾರಿನ ನಂಬರ್, ನಾಲ್ಕು ಚಕ್ರ ಹೊರಗೆ: ಇಷ್ಟೇ ಹೇಳುವುದು, ಇಷ್ಟೇ ಬರೆಯುವುದು. ಅನುಮಾನವಿದ್ದರೆ ಬರೆಯುವುದಿಲ್ಲ.

ಒಂದು ಕ್ಲಬ್ ರೇಸ್ ಮುಗಿದ ಮೇಲೆ ಪೆನಾಲ್ಟಿ ತಿಂದ ಹುಡುಗನೊಬ್ಬ, ಮೈಸೂರಿನವನು, ಹೆಲ್ಮೆಟ್ ಕಂಕುಳಲ್ಲಿ ಸಿಕ್ಕಿಸಿಕೊಂಡು ನಾನಿದ್ದಲ್ಲಿಗೆ ಬಂದ.

“ಅಕ್ಕಾ, ಆ ತಿರುವಿನಲ್ಲಿ ಇದ್ದಿದ್ದು ನೀವೇನಾ?”

“ಹೌದಪ್ಪ, ನಾನೇ.”

“ನನ್ ಮುಂದೆ ಹೋದವನೂ ಅಷ್ಟೇ ಹೊರಗೆ ಹೋದ. ಅವನದ್ದು ಬರ್ಕೊಂಡ್ರಾ?”

“ಬರ್ಕೊಂಡಿದೀನಿ. ನಿಂದು ನಾಲ್ಕು ಸಲ, ಅವನದ್ದು ಎರಡು ಸಲ. ಎರಡೂ ಕಂಟ್ರೋಲ್‌ಗೆ ಹೋಗಿದೆ.”

“ಹಂಗಾದ್ರೆ ಸರಿ ಅಕ್ಕಾ,” ಅಂದವನೇ ಹೊರಟುಹೋದ.

ತಾನು ಹೊರಗೆ ಹೋಗಿಲ್ಲ ಎಂದು ಅವನು ವಾದಿಸಲಿಲ್ಲ. ಶಿಕ್ಷೆ ಹೆಚ್ಚಾಯಿತು ಎನ್ನಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಉತ್ತರ: ಇನ್ನೊಬ್ಬನನ್ನೂ ನೋಡಿದಿರಾ? ಟ್ರ್ಯಾಕ್ ಲಿಮಿಟ್ಸ್, ಅಂದರೆ ಈ ಗೆರೆಯ ಮಿತಿ, ಕುರಿತ ಜಗಳಗಳನ್ನೆಲ್ಲ ಸೋಸಿದರೆ ಕೊನೆಗೆ ಉಳಿಯುವುದು ಈ ಪ್ರಶ್ನೆಯೇ.

ಎಲ್ಲಿ ತಪ್ಪಿತು

ದೊಡ್ಡವರ ರೇಸಿನಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದೇ ಹೋದ ಸಂದರ್ಭಗಳು ಮೂರು ಬಗೆಯವು.

ಮೊದಲನೆಯದು, ನಿಯಮ ಸ್ಥಿರವಾಗಿಲ್ಲದಿರುವುದು. 2021ರ ಮಾರ್ಚ್ 28ರ ಬಹರೇನ್ ರೇಸ್ ನೋಡಿ. ನಾಲ್ಕನೆಯ ತಿರುವಿನಲ್ಲಿ ಅಗಲ ಹೋದರೆ ಕ್ವಾಲಿಫೈಯಿಂಗ್‌ನಲ್ಲಿ ಸಮಯ ರದ್ದಾಗುತ್ತಿತ್ತು. ರೇಸಿನಲ್ಲಿ ಸುತ್ತಿನ ಸಮಯದ ಮಟ್ಟಿಗೆ ಅದನ್ನು ಗಮನಿಸುವುದಿಲ್ಲ ಎಂದು ಸೂಚನೆ ಇತ್ತು. ಹ್ಯಾಮಿಲ್ಟನ್ ಅಲ್ಲಿ ಮತ್ತೆ ಮತ್ತೆ ಅಗಲ ಹೋದರು, ಸೂಚನೆಯ ಪ್ರಕಾರ ಅದು ತಪ್ಪಲ್ಲ. ರೇಸಿನ ನಡುವೆ, ಇನ್ನು ಹಾಗೆ ಹೋಗಬೇಡಿ ಎಂಬ ಮಾತು ಬಂತು. ಕೊನೆಗೆ 56 ಸುತ್ತಿನ ರೇಸಿನ 53ನೆಯ ಸುತ್ತಿನಲ್ಲಿ ವರ್ಸ್ಟಾಪನ್ ಅದೇ ತಿರುವಿನಲ್ಲಿ ಹೊರಗಿನಿಂದ ಹ್ಯಾಮಿಲ್ಟನ್‌ರನ್ನು ದಾಟಿದರು. ಹೊರಗೆ ಹೋಗಿ ಸ್ಥಾನ ಗಳಿಸುವುದು ಬೇರೆಯೇ ತಪ್ಪು; ಜಾಗ ಬಿಟ್ಟುಕೊಡಬೇಕಾಯಿತು. ಹ್ಯಾಮಿಲ್ಟನ್ 0.745 ಸೆಕೆಂಡಿನಿಂದ ಗೆದ್ದರು. ಕಾಗದದ ಮೇಲೆ ಎರಡೂ ತೀರ್ಮಾನ ಸರಿ. ಆದರೆ ಒಂದೇ ತಿರುವಿಗೆ ಶನಿವಾರ ಒಂದು ನಿಯಮ, ಭಾನುವಾರ ಇನ್ನೊಂದು, ಭಾನುವಾರದ ನಡುವೆ ಮತ್ತೊಂದು ಎಂದರೆ ನೋಡುಗರಿಗೆ ಅರ್ಥವಾಗುವುದು ಹೇಗೆ, ಓಡಿಸುವವರು ನಂಬುವುದು ಹೇಗೆ? 2022ರಿಂದ ಆ ಗೊಂದಲ ತೆಗೆದರು. ಎಲ್ಲ ತಿರುವಿಗೂ, ಎಲ್ಲ ಟ್ರ್ಯಾಕಿಗೂ ಬಿಳಿ ಗೆರೆಯೇ ಮಿತಿ ಎಂದಾಯಿತು. ಅದು ದೊಡ್ಡ ಹೆಜ್ಜೆ.

ಎರಡನೆಯದು, ತೀರ್ಮಾನ ಹೊತ್ತಿಗೆ ಸರಿಯಾಗಿ ಬಾರದಿರುವುದು. 2022ರಲ್ಲಿ ಅದೇ ಆಸ್ಟ್ರಿಯಾದ ಕ್ವಾಲಿಫೈಯಿಂಗ್‌ನ ಎರಡನೆಯ ಹಂತದಲ್ಲಿ ಸೆರ್ಗಿಯೊ ಪೆರೆಜ್ ಗೆರೆ ದಾಟಿದ್ದರು. ಅದು ಪತ್ತೆಯಾಗುವಷ್ಟರಲ್ಲಿ ಅವರು ಮೂರನೆಯ ಹಂತಕ್ಕೆ ಹೋಗಿ ನಾಲ್ಕನೆಯ ಸ್ಥಾನವನ್ನೂ ಪಡೆದಿದ್ದರು. ಆಮೇಲೆ ಅವರನ್ನು 13ಕ್ಕೆ ಇಳಿಸಿದರು. ಅವರ ಲೆಕ್ಕ ಸರಿಯಾಯಿತು ಎನ್ನೋಣ. ಆದರೆ 11ನೆಯವರಾಗಿ ಹೊರಬಿದ್ದ ಪಿಯರ್ ಗ್ಯಾಸ್ಲಿಗೆ ಆ ಮೂರನೆಯ ಹಂತದಲ್ಲಿ ಓಡಿಸುವ ಅವಕಾಶವನ್ನು ಯಾರು ವಾಪಸ್ ಕೊಡುತ್ತಾರೆ? ತಡವಾದ ತೀರ್ಮಾನ ತಪ್ಪು ಮಾಡಿದವನನ್ನು ಶಿಕ್ಷಿಸಬಲ್ಲದು, ನಷ್ಟವಾದವನಿಗೆ ನಷ್ಟ ತುಂಬಿಕೊಡಲಾರದು.

ಮೂರನೆಯದು ಎಲ್ಲಕ್ಕಿಂತ ಗಂಭೀರ: ಕಾಣದೇ ಇರುವುದು. 2023ರ ಅಕ್ಟೋಬರ್, ಅಮೆರಿಕದ ಆಸ್ಟಿನ್. ಆರನೆಯ ತಿರುವಿನ ಒಳಅಂಚಿನಲ್ಲಿ ಹಲವರು ಗೆರೆ ದಾಟಿ ಸಾಗಿದ್ದರು. ಅಲ್ಲಿ ತಕ್ಕ ಕ್ಯಾಮೆರಾ ಇರಲಿಲ್ಲ. ಇದ್ದ ದೃಶ್ಯಗಳಿಂದ ಖಚಿತವಾಗಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ಹೇಳಲಾಗದು ಎಂದು ಸ್ಟೂವರ್ಡ್‌ಗಳು ಕೈಬಿಟ್ಟರು. ಅದೇ ರೇಸಿನಲ್ಲಿ ಕ್ಯಾಮೆರಾ ಇದ್ದ ತಿರುವುಗಳಲ್ಲಿ ದಾಟಿದವರಿಗೆ ಪೆನಾಲ್ಟಿ ಬಿದ್ದಿತ್ತು. 11ನೆಯ ಸ್ಥಾನ ಸಿಕ್ಕಿ ಒಂದು ಪಾಯಿಂಟಿನಿಂದ ವಂಚಿತವಾದ ಹಾಸ್ ತಂಡ, ಕಾರುಗಳ ಮೇಲಿನ ಕ್ಯಾಮೆರಾದ ದೃಶ್ಯಗಳನ್ನು ಹಿಡಿದು ಮರುಪರಿಶೀಲನೆ ಕೋರಿತು. ಆ ದೃಶ್ಯಗಳು ಮೊದಲೇ ಲಭ್ಯವಿದ್ದವು, ಹೊಸ ಸಾಕ್ಷ್ಯವಲ್ಲ ಎಂದು ನವೆಂಬರಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಆದರೆ ತಿರಸ್ಕರಿಸಿದ ಅದೇ ಆದೇಶದಲ್ಲಿ ಸ್ಟೂವರ್ಡ್‌ಗಳು, ನಿಯಮವನ್ನು ಎಲ್ಲ ಸ್ಪರ್ಧಿಗಳ ಮೇಲೂ ಸರಿಯಾಗಿ ಜಾರಿ ಮಾಡಲು ತಮಗೆ ಆಗದೇ ಹೋದದ್ದು ಒಪ್ಪತಕ್ಕ ಸ್ಥಿತಿಯಲ್ಲ ಎಂದು ಬರೆದರು. ತೀರ್ಪು ಕೊಡುವವರೇ ಹೀಗೆ ಬರೆಯುವುದು ಅಪರೂಪ. ಅವರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಕಣ್ಣು ಹೆಚ್ಚಿಸಿದರು

ಆ ವರ್ಷದ ಪೆಟ್ಟುಗಳಿಂದ ಎಫ್‌ಐಎ ಕಲಿಯಿತು. ಜಿನೀವಾದಲ್ಲಿ ಅದಕ್ಕೊಂದು ಕೇಂದ್ರವಿದೆ. ಟ್ರ್ಯಾಕ್ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅಲ್ಲಿನ ದೃಶ್ಯಗಳು ಈ ಕೇಂದ್ರಕ್ಕೆ ಬರುತ್ತವೆ, ಸಿಬ್ಬಂದಿ ಪರದೆಯ ಮುಂದೆ ಕೂತು ನೋಡುತ್ತಾರೆ. ಆಸ್ಟ್ರಿಯಾದ 1200 ವರದಿಗಳನ್ನು ನೋಡಲು ಇದ್ದವರು ನಾಲ್ಕೇ ಮಂದಿ. ಲೆಕ್ಕ ಹಾಕಿ: 20 ಕಾರು, 71 ಸುತ್ತು, ಅಂದರೆ ಸುಮಾರು 1400 ಸುತ್ತು, ತಂಟೆಯ ತಿರುವುಗಳು ಎರಡೇ ಎಂದಿಟ್ಟುಕೊಂಡರೂ ಒಂದೂವರೆ ಗಂಟೆಯಲ್ಲಿ 2800 ಸಲ ಕಣ್ಣು ಹಾಯಿಸಬೇಕು. ಅಕ್ಟೋಬರಿನ ಕತಾರ್ ರೇಸಿನ ಹೊತ್ತಿಗೆ ನೋಡುವವರು ಎಂಟಾದರು. 820 ಹಾದುಹೋಗುವಿಕೆಗಳನ್ನು ಪರೀಕ್ಷಿಸಿ, 141 ವರದಿ ಕಳಿಸಿದರು, ಕೊನೆಗೆ 51 ಸುತ್ತು ರದ್ದಾದವು.

ಅದೇ ವರ್ಷ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಕಂಪ್ಯೂಟರಿಗೂ ನೋಡುವ ಕೆಲಸ ಕೊಟ್ಟು ಪರೀಕ್ಷಿಸಿದರು. ದೃಶ್ಯದಲ್ಲಿ ಗೆರೆಯೆಲ್ಲಿ, ಕಾರಿನ ಅಂಚೆಲ್ಲಿ ಎಂದು ಅದು ಗುರುತಿಸುತ್ತದೆ. ಸ್ಪಷ್ಟವಾಗಿ ಒಳಗಿದ್ದವನ್ನು ಪಕ್ಕಕ್ಕಿಡುತ್ತದೆ. ಅನುಮಾನ ಇರುವುದನ್ನು ಮಾತ್ರ ಮನುಷ್ಯರ ಮುಂದಿಡುತ್ತದೆ. ತೀರ್ಮಾನ ಈಗಲೂ ಮನುಷ್ಯರದ್ದೇ. ಹಾಗಿರುವುದೇ ಒಳ್ಳೆಯದು, ಮುಂದಿನ ಕಾರಿಗೆ ಡಿಕ್ಕಿ ತಪ್ಪಿಸಲು ಹೊರಗೆ ಹೋದವನನ್ನೂ ಲಾಭಕ್ಕೆ ಹೋದವನನ್ನೂ ಬೇರೆ ಮಾಡಲು ವಿವೇಕ ಬೇಕು.

ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಬೌಲರನ ಮುಂಗಾಲಿನ ನೋಬಾಲನ್ನು ಮೈದಾನದ ಅಂಪೈರ್ ನೋಡುತ್ತಿದ್ದ ಕಾಲದಲ್ಲಿ ಎಷ್ಟೋ ತಪ್ಪಿಹೋಗುತ್ತಿದ್ದವು. 2020ರ ಮಹಿಳಾ ಟಿ20 ವಿಶ್ವಕಪ್ಪಿನಲ್ಲಿ ಪ್ರತಿ ಎಸೆತವನ್ನೂ ಮೂರನೆಯ ಅಂಪೈರ್ ನೋಡಲು ಶುರು ಮಾಡಿದರು. ನಿಯಮ ಬದಲಾಗಲಿಲ್ಲ, ಶಿಕ್ಷೆ ಬದಲಾಗಲಿಲ್ಲ. ಪ್ರತಿಯೊಬ್ಬರ ಪ್ರತಿಯೊಂದು ಎಸೆತವನ್ನೂ ನೋಡಲು ಒಬ್ಬರು ಇದ್ದಾರೆ ಎಂಬುದೊಂದೇ ಹೊಸದು.

ಜಲ್ಲಿ ಮರಳಿ ಬಂತು

ಆಸ್ಟ್ರಿಯಾದ ರಾತ್ರಿ ಎಫ್‌ಐಎ ಇನ್ನೊಂದು ಮಾತನ್ನೂ ಹೇಳಿತ್ತು: ಕೊನೆಯ ಎರಡು ತಿರುವುಗಳ ಹೊರಗೆ ಜಲ್ಲಿ ಹಾಕಿ. ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಅದೇ ಟ್ರ್ಯಾಕಿನಲ್ಲಿ ಮೋಟೋಜಿಪಿ ಬೈಕುಗಳೂ ಓಡುತ್ತವೆ. ಕಾರಿಗೆ ಬರೀ ಕುಲುಕಾಟವಾಗುವ ಜಾಗ ಬೈಕ್ ಸವಾರನನ್ನು ಕೆಡವಬಹುದು. ಹಾಗಿದ್ದೂ 2024ರ ರೇಸಿಗೆ ಕರ್ಬಿನಾಚೆ ಜಲ್ಲಿಯ ಕಿರುಪಟ್ಟಿ ಬಂತು. ಚಕ್ರ ಇಟ್ಟರೆ ಕಾರು ನಿಧಾನವಾಗುತ್ತದೆ, ಚಾಲಕನಿಗೇ ನಷ್ಟ. ಆ ಎರಡು ತಿರುವುಗಳ ತಂಟೆ ಬಹುಮಟ್ಟಿಗೆ ತಣ್ಣಗಾಯಿತು.

ಆದರೂ ಒಂದು ಪಾಠ ಉಳಿದಿತ್ತು. ಅದೇ ವಾರಾಂತ್ಯ ಕ್ವಾಲಿಫೈಯಿಂಗ್‌ನಲ್ಲಿ ಆಸ್ಕರ್ ಪಿಯಾಸ್ಟ್ರಿ ಆರನೆಯ ತಿರುವಿನಲ್ಲಿ ಗೆರೆಯನ್ನು ಕೂದಲೆಳೆಯಷ್ಟು ದಾಟಿದರೆಂದು ಅವರ ಒಳ್ಳೆಯ ಸುತ್ತು ರದ್ದಾಯಿತು, ಏಳನೆಯವರಾಗಿ ಹೊರಡಬೇಕಾಯಿತು. ಅಲ್ಲೂ ಆಚೆ ಜಲ್ಲಿ ಇತ್ತು, ಅವರು ಜಲ್ಲಿ ಮುಟ್ಟಿರಲಿಲ್ಲ. ಜಲ್ಲಿ ಹಾಕಲು ಇಷ್ಟು ಶ್ರಮಪಟ್ಟು, ಅದಕ್ಕೆ ತಾಗದೆ ಕಾರು ಉಳಿಸಿಕೊಂಡವನ ಸುತ್ತನ್ನೂ ಅಳಿಸುವುದು ಯಾವ ನ್ಯಾಯ ಎಂಬುದು ಅವರ ಅಳಲು. ನಿಯಮದ ಪ್ರಕಾರ ರದ್ದು ಮಾಡಿದ್ದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಮಾತಿನಲ್ಲೂ ಹುರುಳಿದೆ. ಗೆರೆಗೂ ಜಲ್ಲಿಗೂ ನಡುವೆ ಒಂದು ಕಾರು ಹಿಡಿಸುವಷ್ಟು ಡಾಂಬರು ಉಳಿದರೆ ಅಲ್ಲಿ ಎರಡು ಕಾವಲು, ಎರಡು ಲೆಕ್ಕ. ಗೆರೆಯಿಂದ ಜಲ್ಲಿಗೆ ಇರುವ ಅಂತರ ಒಂದು ಕಾರಿನ ಅಗಲಕ್ಕಿಂತ ಕಡಿಮೆ ಇದ್ದರೆ ನೆಲವೂ ನಿಯಮವೂ ಒಂದೇ ಮಾತಾಡುತ್ತವೆ.

ನಮ್ಮ ಟ್ರ್ಯಾಕುಗಳಿಗೆ ಬೇಕಾದದ್ದು

ಇಷ್ಟು ವರ್ಷ ಬಾವುಟ ಹಿಡಿದು ನನಗೆ ಖಚಿತವಾದದ್ದು ಇದು: ಕಾಯಲಾಗದ ಗೆರೆ ಎಳೆಯಬಾರದು. ಎಳೆದ ಮೇಲೆ, ಅದನ್ನು ಎಲ್ಲರ ಮೇಲೂ, ಎಲ್ಲ ಸುತ್ತಿನಲ್ಲೂ ಕಾಯಬೇಕು. ಕೆಲವರಿಗೆ ಮಾತ್ರ ಬೀಳುವ ಶಿಕ್ಷೆ, ಎಷ್ಟೇ ನಿಯಮಬದ್ಧವಾಗಿದ್ದರೂ, ಅನ್ಯಾಯವೇ. ಪೆನಾಲ್ಟಿ ಕಠಿಣ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರವೂ ಇದೇ. ಅರ್ಧ ಕಾರುಗಳನ್ನಷ್ಟೇ ನೋಡಿ 5 ಸೆಕೆಂಡಿನ ಬದಲು 10 ಹಾಕಿದರೆ ಅನ್ಯಾಯ ಎರಡರಷ್ಟಾಗುತ್ತದೆ, ಅಷ್ಟೇ.

ಫಾರ್ಮುಲಾ ಒನ್‌ಗೆ ಹಣವಿದೆ, ಜಿನೀವಾ ಇದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೂ ಕೊಯಮತ್ತೂರಿನ ಕರಿ ಟ್ರ್ಯಾಕಿಗೂ ಬೆಂಗಳೂರು, ಮೈಸೂರು, ಮಂಗಳೂರುಗಳಿಂದ ಸಾಲ ಮಾಡಿ ಹೋಗಿ ರೇಸ್ ಮಾಡುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಒಂದು ಪೆನಾಲ್ಟಿಯಿಂದ ಹೋಗುವ ಪೋಡಿಯಂ ಎಂದರೆ ಮುಂದಿನ ಸೀಸನ್ನಿನ ಪ್ರಾಯೋಜಕರೇ ಹೋದಂತೆ. ಅವರಿಗೆ ನ್ಯಾಯ ಕೊಡಲು ದೊಡ್ಡ ಯಂತ್ರ ಬೇಕಿಲ್ಲ.

ಪ್ರತಿ ಕ್ಲಬ್ ರೇಸಿನಲ್ಲೂ ಇಷ್ಟು ಮಾಡಬಹುದು. ಗೆರೆ ದಾಟಿದರೆ ನಿಜಕ್ಕೂ ಲಾಭವಾಗುವ ಎರಡು-ಮೂರು ತಿರುವುಗಳನ್ನು ಆರಿಸಿ, ಅಲ್ಲಿ ಗೆರೆಯ ಸಾಲಿಗೆ ಒಂದೊಂದು ಕ್ಯಾಮೆರಾ ನಿಲ್ಲಿಸಿ. ಉಳಿದ ತಿರುವುಗಳಲ್ಲಿ ಕರ್ಬಿನಾಚೆ ಒರಟು ನೆಲವೋ ಜಲ್ಲಿಯೋ ಕಾವಲು ಮಾಡಲಿ. ಬೆಳಗಿನ ಡ್ರೈವರ್ಸ್ ಬ್ರೀಫಿಂಗ್‌ನಲ್ಲಿ ಆ ತಿರುವುಗಳ ಹೆಸರು ಹೇಳಿ, ಸಂಜೆಯವರೆಗೆ ಆ ಮಾತು ಬದಲಿಸಬೇಡಿ. ಯಾರದ್ದು ಎಷ್ಟು ಸಲ ಬರೆಯಲಾಗಿದೆ ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿ. ಟ್ರೋಫಿ ಕೊಡುವ ಮುನ್ನ ತೀರ್ಮಾನ ಮುಗಿಸಿ, ಹದಿನೈದು ನಿಮಿಷ ತಡವಾದರೂ ಚಿಂತೆಯಿಲ್ಲ. ಮೈಸೂರಿನ ಆ ಹುಡುಗ ನನ್ನನ್ನು ಹುಡುಕಿಕೊಂಡು ಬಂದು ಕೇಳಬೇಕಾಯಿತು. ಮುಂದಿನವರು ಯಾರನ್ನೂ ಕೇಳದೆ, ಗೋಡೆಯ ಮೇಲಿನ ಪಟ್ಟಿ ಓದಿಯೇ ತಿಳಿದುಕೊಳ್ಳುವಂತಾಗಲಿ.